ನೋಟರಿಯನ್ನು ಮನೆಗೆ ಕರೆಸಬೇಕೆ? ಮೊದಲು ಇಷ್ಟು ತಿಳಿದಿರಲಿ

ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ಮನೆತನದ ಹೆಸರು ಸೇರಿದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಸಮಸ್ಯೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಕೊಡಿ ಎನ್ನುತ್ತಾರೆ ಕಚೇರಿಯಲ್ಲಿ. ಅಫಿಡವಿಟ್ ಎಂದರೆ ಸತ್ಯವೆಂದು ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ. ಆದರೆ ಸಹಿ ಹಾಕಬೇಕಾದ ಹಿರಿಯರು ಹಾಸಿಗೆ ಹಿಡಿದಿದ್ದಾರೆ. ದಿಡುಪೆಯಿಂದಲೋ ಶಿಶಿಲದಿಂದಲೋ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬೆಳ್ತಂಗಡಿ ಪೇಟೆಗೆ ಬರುವ ಕಷ್ಟ ಬೇಕಿಲ್ಲ. ನೋಟರಿಯೇ ಮನೆಗೆ ಬರಬಹುದು. ಆಸ್ಪತ್ರೆಗೂ ಬರಬಹುದು.

ಅಮೆರಿಕದಲ್ಲಿ ಹೀಗೆ ಮನೆಮನೆಗೆ ಹೋಗಿ ಸಹಿ ಮಾಡಿಸುವವರನ್ನು ಮೊಬೈಲ್ ನೋಟರಿ ಎನ್ನುತ್ತಾರೆ. ಅದೇ ಅಲ್ಲಿ ಒಂದು ಉದ್ಯೋಗ. ನಮ್ಮಲ್ಲಿ ಅಂಥ ಪ್ರತ್ಯೇಕ ವರ್ಗ ಇಲ್ಲ. ಕೋರ್ಟಿನ ಸುತ್ತಮುತ್ತ ಕಚೇರಿ ಇಟ್ಟುಕೊಂಡಿರುವ ವಕೀಲ ನೋಟರಿಗಳೇ ಅಗತ್ಯವಿದ್ದಾಗ ಬರುತ್ತಾರೆ. 1952ರ ನೋಟರಿ ಕಾಯ್ದೆ, 1956ರ ನೋಟರಿ ನಿಯಮಗಳ ಪ್ರಕಾರ ಕೆಲಸ ಮಾಡುವ ಇವರನ್ನು ಕೇಂದ್ರ ಅಥವಾ ರಾಜ್ಯ ಸರ್ಕಾರ ನೇಮಿಸುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕೆ ಮಾಡಿದವರಿಗೆ ಈ ಅವಕಾಶ. ಮಹಿಳೆಯರಿಗೆ ಮತ್ತು ಪರಿಶಿಷ್ಟ, ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು.

ನೋಟರಿ ಮಾಡುವ ಕೆಲಸ ಸರಳವಾದದ್ದು. ಸಹಿ ಹಾಕುತ್ತಿರುವವರು ಇವರೇ, ತಿಳಿದೇ ಹಾಕುತ್ತಿದ್ದಾರೆ, ನನ್ನ ಎದುರೇ ಹಾಕಿದ್ದಾರೆ ಎಂದು ದೃಢೀಕರಿಸುವುದು. ಹಾಗಾಗಿ ಮೊದಲೇ ಸಹಿ ಹಾಕಿಟ್ಟು ಕಾಗದವನ್ನು ಮಗನ ಕೈಯಲ್ಲಿ ಕಳಿಸಬೇಡಿ. ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಸೀಲ್ ಹಾಕಿಸಿಕೊಳ್ಳುವುದೂ ಬೇಡ. ಅಮೆರಿಕದ ಅನೇಕ ರಾಜ್ಯಗಳಲ್ಲಿ ವಿಡಿಯೊ ಮೂಲಕ ನೋಟರಿ ಮಾಡಿಸಲು ಕಾನೂನೇ ಇದೆ. ನಮ್ಮ ಕಾಯ್ದೆಯಲ್ಲಿ ಅಂಥ ವ್ಯವಸ್ಥೆ ಇಲ್ಲ. ನಾಳೆ ತಕರಾರು ಎದ್ದು ಕೋರ್ಟು ಹತ್ತಿದರೆ ಮೊದಲ ಪ್ರಶ್ನೆಯೇ ಇದು: ಸಹಿ ಹಾಕುವಾಗ ನೋಟರಿ ಎದುರಿಗಿದ್ದರೇ?

ಯಾರನ್ನು ಕರೆಸಬೇಕು ಎನ್ನುವುದು ಮುಂದಿನ ಮಾತು. ಪ್ರತಿ ನೋಟರಿಗೂ ಒಂದು ಕಾರ್ಯವ್ಯಾಪ್ತಿ ಇರುತ್ತದೆ. ಕೆಲವರಿಗೆ ತಾಲೂಕು, ಕೆಲವರಿಗೆ ಅದಕ್ಕಿಂತ ದೊಡ್ಡ ಪ್ರದೇಶ. ನಾರಾವಿ, ವೇಣೂರಿನ ಕಡೆಯವರು ಇಲ್ಲಿ ಸ್ವಲ್ಪ ಜಾಗ್ರತೆ ವಹಿಸಬೇಕು. ನಿಮ್ಮ ಪೇಟೆ ವ್ಯವಹಾರ ಮೂಡುಬಿದಿರೆಯಲ್ಲೇ ಇರಬಹುದು, ಆದರೆ ನಿಮ್ಮದು ಬೆಳ್ತಂಗಡಿ ತಾಲೂಕು. ಮೂಡುಬಿದಿರೆ ತಾಲೂಕಿಗೆ ಮಾತ್ರ ನೇಮಕವಾದ ನೋಟರಿ ನಿಮ್ಮ ಮನೆಗೆ ಬಂದು ಸೀಲ್ ಹಾಕುವಂತಿಲ್ಲ. ಪುಂಜಾಲಕಟ್ಟೆಯ ಆಚೀಚೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಗಡಿಯಲ್ಲಿರುವವರಿಗೂ ಇದೇ ಮಾತು. ಫೋನಿನಲ್ಲೇ ಕೇಳಿಬಿಡಿ, ನಿಮ್ಮ ವ್ಯಾಪ್ತಿ ಎಲ್ಲಿಯವರೆಗೆ ಎಂದು. ಅವರ ದುಂಡು ಸೀಲಿನಲ್ಲೂ ಹೆಸರಿನ ಜೊತೆ ಈ ವ್ಯಾಪ್ತಿ ಬರೆದಿರುತ್ತದೆ. ನೋಟರಿಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಅದು ಮುಗಿದಿಲ್ಲವೇ ಎಂದೂ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬೇಕಾದ ವಿಷಯ ಇದಲ್ಲ.

ಅವರು ಬರುವ ಮೊದಲು ಕಾಗದ ಸಿದ್ಧವಿರಲಿ. ಇ-ಸ್ಟಾಂಪ್ ಮೊದಲೇ ಪಡೆದಿಟ್ಟುಕೊಳ್ಳಿ. ಒಕ್ಕಣೆಯನ್ನು ವಕೀಲರೋ ದಸ್ತಾವೇಜು ಬರಹಗಾರರೋ ಟೈಪ್ ಮಾಡಿಸಿಕೊಡುತ್ತಾರೆ. ಸಹಿ ಹಾಕುವವರ ಮೂಲ ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ, ಜೆರಾಕ್ಸ್ ಸಾಲದು. ನೋಟರಿಗೆ ಗುರುತು ಇರುವ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಕಾಯಿಲೆಯವರಾದರೆ, ಇವರಿಗೆ ತಿಳಿವಳಿಕೆ ಸರಿಯಾಗಿದೆ ಎಂದು ವೈದ್ಯರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ಮುಂದೆ ದಾಯಾದಿಗಳು ಆಕ್ಷೇಪ ಎತ್ತಿದರೆ ಅದೇ ನಿಮ್ಮ ಬಲ.

ಈಗ ನಾನು ಒತ್ತಿ ಹೇಳಬೇಕಾದ ಸಂಗತಿ. ನಮ್ಮ ಹಿರಿಯರಲ್ಲಿ ಅನೇಕರ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಕಾಗದ ಇರುವುದು ಕನ್ನಡದಲ್ಲಿ, ಎಷ್ಟೋ ಸಲ ಇಂಗ್ಲಿಷಿನಲ್ಲಿ. ಅಮ್ಮ ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದು ಆತುರಪಡಿಸುವುದು ಅನ್ಯಾಯ. ಅವರ ಮಾತಿನಲ್ಲೇ ಕಾಗದವನ್ನು ಪೂರ್ತಿ ಓದಿ ಹೇಳಲಿ, ಅವರು ಹೂಂ ಎಂದ ಮೇಲೆ ಸಹಿಯೋ ಹೆಬ್ಬೆಟ್ಟೋ ಬೀಳಲಿ. ಓದಿ ಅರ್ಥಮಾಡಿಸಲಾಗಿದೆ ಎಂಬ ಸಾಲನ್ನು ಕಾಗದದಲ್ಲೇ ಸೇರಿಸಿ. ಹಿರಿಯರಿಗೆ ವಿಷಯ ತಿಳಿದಿಲ್ಲ, ಯಾರದೋ ಒತ್ತಾಯ ಇದೆ ಎನ್ನಿಸಿದರೆ ಒಳ್ಳೆಯ ನೋಟರಿ ಸೀಲ್ ಹಾಕದೆ ಎದ್ದು ಹೋಗುತ್ತಾರೆ. ಅದಕ್ಕೆ ಸಿಟ್ಟಾಗಬೇಡಿ. ಎಲ್ಲ ಸರಿಯಿದ್ದರೆ ತಮ್ಮ ರಿಜಿಸ್ಟರ್ ಪುಸ್ತಕದಲ್ಲಿ ವಿವರ ಬರೆದು ಅಲ್ಲೂ ಸಹಿ ಪಡೆಯುತ್ತಾರೆ. ಪುಸ್ತಕ ತರದೆ ಸೀಲ್ ಮಾತ್ರ ತಂದಿದ್ದರೆ, ಪುಸ್ತಕ ಎಲ್ಲಿ ಸ್ವಾಮಿ ಎಂದು ಕೇಳಿ.

ಖರ್ಚಿನಲ್ಲಿ ಎರಡು ಭಾಗ. ಮೊದಲನೆಯದು ಸ್ಟಾಂಪ್. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಅಫಿಡವಿಟ್‌ಗೆ 20 ರೂಪಾಯಿಯ ಬದಲು 100 ರೂಪಾಯಿ, ಸಾಮಾನ್ಯ ಪವರ್ ಆಫ್ ಅಟಾರ್ನಿಗೆ, ಅಂದರೆ ನಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರಕ್ಕೆ, 100ರ ಬದಲು 500 ಆಗಿದೆ. ಹತ್ತಿರದ ಸಂಬಂಧಿಯಲ್ಲದವರಿಗೆ ಜಾಗ ಮಾರುವ ಅಧಿಕಾರ ಕೊಟ್ಟರೆ ಮಾತ್ರ ಜಾಗದ ಬೆಲೆಯ ಮೇಲೆ ಲೆಕ್ಕ ಬೀಳುತ್ತದೆ, ಅದು ದೊಡ್ಡ ಮೊತ್ತ. ಎರಡನೆಯದು ನೋಟರಿಯ ಶುಲ್ಕ. ಇದಕ್ಕೆ ಸರ್ಕಾರದ ದರಪಟ್ಟಿ ಇದೆ, ಅದನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕು ಎಂದು ನಿಯಮವೇ ಹೇಳುತ್ತದೆ. ಮನೆಗೆ ಬಂದರೆ ಪ್ರಯಾಣದ ಭತ್ಯೆ ಪ್ರತ್ಯೇಕ, ಅದೂ ಕಿಲೋಮೀಟರ್ ಲೆಕ್ಕದಲ್ಲಿ. ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಮಾತಾಡಿಕೊಳ್ಳಿ, ರಶೀದಿ ಪಡೆಯಿರಿ. ರಶೀದಿ ಕೊಡುವುದು ಅವರ ಕರ್ತವ್ಯ.

ಆದರೆ ಎಲ್ಲದಕ್ಕೂ ನೋಟರಿ ಪರಿಹಾರವಲ್ಲ. ನೋಟರಿ ಮಾಡಿಸಿದರೆ ಜಾಗ ನಿಮ್ಮ ಹೆಸರಿಗೆ ಆಗುವುದಿಲ್ಲ. ಕ್ರಯಪತ್ರ, ದಾನಪತ್ರ ಇವೆಲ್ಲ 1908ರ ನೋಂದಣಿ ಕಾಯ್ದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಣಿ ಆಗಬೇಕು. ನೋಟರಿ ಕಾಗದ ನಂಬಿ ಸೈಟಿಗೆ ಹಣ ಕೊಟ್ಟು ನೊಂದವರು ಕಡಿಮೆಯಿಲ್ಲ. ಹಿರಿಯರು ಕಚೇರಿಗೆ ಬರಲಾಗದ ಸ್ಥಿತಿಯಲ್ಲಿದ್ದರೆ ಸಬ್‌ರಿಜಿಸ್ಟ್ರಾರ್ ಕೂಡ ಮನೆಗೆ ಬರಲು ಅದೇ ಕಾಯ್ದೆಯ 31 ಮತ್ತು 38ನೇ ಕಲಮುಗಳಲ್ಲಿ ಅವಕಾಶ ಇದೆ. ಕಾರಣ ಬರೆದು, ವೈದ್ಯರ ಚೀಟಿ ಇಟ್ಟು, ನಿಗದಿತ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಇದು ತಿಳಿಯದೆ ಆಂಬುಲೆನ್ಸಿನಲ್ಲಿ ಕರೆತರುವವರಿದ್ದಾರೆ. ವೀಲುನಾಮೆಗಂತೂ ನೋಟರಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ನೋಂದಣಿ ನಿಮ್ಮ ಇಷ್ಟ.

ಮಗ ದುಬೈಯಲ್ಲಿದ್ದಾನೆ, ಜಾಗದ ನೋಂದಣಿಗೆ ಅವನ ಸಹಿ ಬೇಕು ಎನ್ನುವವರಿಗೆ ಇಲ್ಲಿಯ ನೋಟರಿಯಿಂದ ಪ್ರಯೋಜನವಿಲ್ಲ. ಅವನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಬೇಕು. ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿಯ ಸ್ಟಾಂಪ್ ಶುಲ್ಕ ಕಟ್ಟಬೇಕು. ಇನ್ನು ಪಿಂಚಣಿದಾರರ ವಾರ್ಷಿಕ ಜೀವಿತ ಪ್ರಮಾಣಪತ್ರಕ್ಕೆ ನೋಟರಿಯನ್ನು ಹುಡುಕಬೇಡಿ. ಅಂಚೆಯಣ್ಣನೇ ಮನೆಗೆ ಬಂದು ಬೆರಳಚ್ಚು ಅಥವಾ ಮುಖ ಗುರುತು ತೆಗೆದು 70 ರೂಪಾಯಿಗೆ ಮಾಡಿಕೊಡುತ್ತಾರೆ.

ನೋಟರಿಗಳು ಸಿಗುವುದು ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ಕೋರ್ಟುಗಳ ಆಸುಪಾಸಿನಲ್ಲೇ. ಬೆಳಗ್ಗೆ ಕೋರ್ಟಿನ ಕೆಲಸ ಇರುವುದರಿಂದ ಸಂಜೆ ಅಥವಾ ರಜಾದಿನಕ್ಕೆ ಕೇಳಿಕೊಂಡರೆ ಮನೆಗೆ ಬರಲು ಅನುಕೂಲ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಅಲ್ಲಿ ಉಚಿತ ನೆರವು ಸಿಗುತ್ತದೆ.