ಕಪ್ಪು ಹುಡುಗರ ಕಂಬೈನ್ಡ್ ಸ್ಟಡಿ

"ಅವ್ರಿಗೆ ಓದೋದ್ರಲ್ಲಿ ಇಂಟರೆಸ್ಟೇ ಇಲ್ಲ ಕಣ್ರೀ, ಮನೇಲೂ ಹೇಳೋರಿಲ್ಲ." ಅಮೆರಿಕದ ಕಪ್ಪು ಹುಡುಗರ ಮಾತು ಬಂದಾಗಲೆಲ್ಲ ನಮ್ಮ ದೇಸಿ ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಯಾರಾದರೊಬ್ಬರು ಈ ತೀರ್ಪು ಕೊಟ್ಟೇ ಕೊಡ್ತಾರೆ. (ಅವರನ್ನು ಕರೆಯೋಕೆ ನಮ್ಮವರು ಬಳಸೋ ಪದ ಇಲ್ಲಿ ಬರೆಯೋದಿಲ್ಲ ಬಿಡಿ.) ಈ ತೀರ್ಪು ನಿಜವಾ ಅಂತ ಒಬ್ಬಾತ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದ.

ಆತ ಯೂರಿ ಟ್ರೈಸ್‌ಮನ್. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಸಾಲುಸಾಲಾಗಿ ಮುಗ್ಗರಿಸುತ್ತಿದ್ದರು. ಯಾಕೆ ಅಂತ ಮೇಷ್ಟ್ರುಗಳನ್ನು ಕೇಳಿದರೆ ಸಿಕ್ಕಿದ್ದು ಅದೇ ಪಾಟ್‌ಲಕ್ ಉತ್ತರ: ಆಸಕ್ತಿ ಇಲ್ಲ, ತಳಪಾಯ ಗಟ್ಟಿ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ, ದುಡ್ಡಿಲ್ಲ. ಟ್ರೈಸ್‌ಮನ್ ೨೦ ಕಪ್ಪು ವಿದ್ಯಾರ್ಥಿಗಳು, ೨೦ ಚೀನೀ ವಿದ್ಯಾರ್ಥಿಗಳ ಹಿಂದೆ ಬಿದ್ದು, ಅವರು ಹೇಗೆ ಓದುತ್ತಾರೆ ಅಂತ ಹತ್ತಿರದಿಂದ ನೋಡಿದ.

ಆಸಕ್ತಿಗೇನೂ ಕೊರತೆ ಇರಲಿಲ್ಲ. ಮನೆಯವರು ಓದಿಗಾಗಿ ಕಷ್ಟಪಟ್ಟವರೇ. ವಾರಕ್ಕೆ ೮ ಗಂಟೆ ಓದಿ ಅಂದರೆ ೮ ಗಂಟೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ! ರೂಮಿನ ಬಾಗಿಲು ಹಾಕಿಕೊಂಡು. ಚೀನೀ ಹುಡುಗರು ಸುಮಾರು ೧೪ ಗಂಟೆ. ಮೊದಲು ಒಂಟಿಯಾಗಿ, ಆಮೇಲೆ ಗುಂಪಾಗಿ ಕೂತು, ತಿನ್ನುತ್ತಾ ಹರಟುತ್ತಾ, ಒಬ್ಬರ ಉತ್ತರ ಒಬ್ಬರು ತಾಳೆ ನೋಡುತ್ತಾ. ಲೆಕ್ಕ ಬರದಿದ್ದರೆ ಅದು ಲೆಕ್ಕದ ಕಷ್ಟವೋ ತನ್ನ ದಡ್ಡತನವೋ ಅಂತ ಒಂಟಿಯಾಗಿ ಕೂತವನಿಗೆ ಗೊತ್ತಾಗೋದಾದರೂ ಹೇಗೆ?

ಇದನ್ನು ಓದಿದಾಗ ನನಗೆ ನಮ್ಮ ಹಾಸ್ಟೆಲ್ ನೆನಪಾಯ್ತು. ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದೇ ರೂಮಲ್ಲಿ ಎಂಟು ಜನ, ಒಂದು ಫ್ಲಾಸ್ಕ್ ಟೀ. ಎಂ-೩ ಪಾಸಾಗಿದ್ದು ನನ್ನ ಬುದ್ಧಿಯಿಂದ ಅಂತ ಹೇಳಿಕೊಂಡರೆ ಆ ಏಳು ಜನ ನಗ್ತಾರೆ :-)

ಟ್ರೈಸ್‌ಮನ್ ಹಿಂದುಳಿದವರ ಟ್ಯೂಷನ್ ಅಂತ ಬೋರ್ಡು ಹಾಕಲಿಲ್ಲ. ಗುಂಪು ಕಟ್ಟಿಸಿ, ಕ್ಲಾಸಿಗಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟ. ಫಲಿತಾಂಶ ಬದಲಾಯಿತು. ನನಗೆ ತುಂಬಾ ಹಿಡಿಸಿದ್ದು ಈ ಕಷ್ಟದ ಲೆಕ್ಕದ ವಿಷಯವೇ. ಕನಿಕರಪಟ್ಟು ಸುಲಭದ್ದು ಕೊಟ್ಟಿದ್ದರೆ ಕೆಟ್ಟಿತ್ತು.

ಇಂಥ ಅಭ್ಯಾಸವನ್ನು ಕಾಲೇಜು ಶುರುವಾಗೋ ಮೊದಲೇ ಮಾಡಿಸಿದರೆ? ಬಾಲ್ಟಿಮೋರ್ ಪಕ್ಕದ ಯುಎಂಬಿಸಿ ಯೂನಿವರ್ಸಿಟಿಯಲ್ಲಿ ಅದೂ ಆಯಿತು. ರಾಬರ್ಟ್ ಮೇಯರ್‌ಹಾಫ್ ಅನ್ನೋ ಬಿಲ್ಡರ್‌ಗೆ ಟೀವಿಯಲ್ಲಿ ಕಪ್ಪು ಯುವಕ ಕಾಣೋದು ಒಂದೋ ಬ್ಯಾಸ್ಕೆಟ್‌ಬಾಲ್ ಆಡುವಾಗ, ಇಲ್ಲಾ ಕೈಕೋಳದಲ್ಲಿ ಅನ್ನೋ ಬೇಸರ. ಜೊತೆಗೆ ಸಿಕ್ಕವರು ಗಣಿತ ಓದಿದ ಫ್ರೀಮನ್ ಹ್ರಬೋವ್‌ಸ್ಕಿ. ೧೯೬೩ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಮೆರವಣಿಗೆಯಲ್ಲಿ ಹೊರಟು ಹನ್ನೆರಡನೇ ವಯಸ್ಸಿಗೇ ಐದು ದಿನ ಜೈಲಿನಲ್ಲಿದ್ದವರು! ೧೯೮೮ರಲ್ಲಿ ಮೇಯರ್‌ಹಾಫ್ ಸ್ಕಾಲರ್ಸ್ ಪ್ರೋಗ್ರಾಂ ಹುಟ್ಟಿತು. ಮರುವರ್ಷ ಮೊದಲ ಬ್ಯಾಚಿನಲ್ಲಿ ೧೯ ಹುಡುಗರು, ಎಲ್ಲರೂ ಕಪ್ಪು ಜನಾಂಗದವರು.

ಇಲ್ಲಿ ಹೈಸ್ಕೂಲ್ ಮುಗಿಸಿದವರನ್ನು ಬೇಸಿಗೆಯಲ್ಲೇ ಆರು ವಾರ ಕ್ಯಾಂಪಸ್ಸಿಗೆ ಕರೆಸಿಕೊಳ್ತಾರೆ. ಒಟ್ಟಿಗೆ ವಾಸ, ಒಟ್ಟಿಗೆ ಗಣಿತ, ವಿಜ್ಞಾನ. ತನ್ನ ಸ್ಕೂಲಿಗೇ ಫಸ್ಟ್ ಬಂದ ಹುಡುಗನಿಗೆ "ನಂಗಿದು ಅರ್ಥ ಆಗ್ಲಿಲ್ಲ, ಹೇಳಿಕೊಡೋ" ಅನ್ನೋದು ಎಷ್ಟು ಕಷ್ಟ ಅಂತ ನಮ್ಮ ರ‍್ಯಾಂಕ್ ಸ್ಟೂಡೆಂಟ್‌ಗಳನ್ನು ಕೇಳಿ ನೋಡಿ. ಆ ಮಾತು ಸಲೀಸಾಗಿ ಬಾಯಿಗೆ ಬರೋ ಹಾಗೆ ಮಾಡೋದೇ ಅಲ್ಲಿನ ದೊಡ್ಡ ತಯಾರಿ ಅನ್ಸುತ್ತೆ ನನಗೆ. ೨೦೧೭ರಿಂದ ೨೦೨೧ರವರೆಗೆ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಜೆರೋಮ್ ಆಡಮ್ಸ್ ಇಲ್ಲಿಂದ ಬಂದವರೇ.

೧೯೯೦ರಲ್ಲಿ ಹುಡುಗಿಯರೂ ಸೇರಿದರು. ೧೯೯೪ರಲ್ಲಿ ಪಕ್ಕದ ಕಾಲೇಜ್ ಪಾರ್ಕ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಸ್ಕಾಲರ್‌ಶಿಪ್ಪನ್ನು ಅಪೀಲು ಕೋರ್ಟ್ ತಳ್ಳಿಹಾಕಿತು. ಅದಾದ ಮೇಲೆ, ೧೯೯೬ರಿಂದ, ಮೇಯರ್‌ಹಾಫ್ ಎಲ್ಲ ಜನಾಂಗದವರಿಗೂ ತೆರೆಯಿತು. ಈಗ ನಮ್ಮ ದೇಸಿ ಮಕ್ಕಳೂ ಅರ್ಜಿ ಹಾಕಬಹುದು. ೨೦೨೩ರಲ್ಲಂತೂ ಅಡ್ಮಿಷನ್‌ನಲ್ಲಿ ಜನಾಂಗ ನೋಡುವುದನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ನಮ್ಮ ಮೀಸಲಾತಿ ಜಗಳ ನೆನಪಾಗುತ್ತೆ ಅಲ್ವಾ? ಆದರೆ ಆ ಜಗಳವೆಲ್ಲ ಸೀಟಿನವರೆಗೆ. ಸೀಟು ಸಿಕ್ಕಮೇಲೆ, ರಾತ್ರಿ ಹನ್ನೊಂದಕ್ಕೆ ಇಂಟಿಗ್ರೇಷನ್ ತಲೆಗೆ ಹತ್ತದೇ ಇದ್ದಾಗ, ಆ ಹುಡುಗ ಯಾರ ಬಾಗಿಲು ತಟ್ಟಬೇಕು ಅನ್ನೋದನ್ನು ಯಾವ ಕೋರ್ಟೂ ಹೇಳಲ್ಲ.