ಜೀವಿಗೊಂದು ಹಕ್ಕುಪತ್ರ

ಬಡಗಿಯು ತಾನು ಮಾಡಿದ ಕುರ್ಚಿಯನ್ನು ತನ್ನದೆಂದರೆ ಯಾರ ತಕರಾರೂ ಇರದು. ಉಣ್ಣುವ, ಬೆಳೆಯುವ, ಮರಿಹಾಕುವ ಜೀವಿಯೊಂದನ್ನು ಮನುಷ್ಯನು ‘ಇದು ನನ್ನ ಕೃತಿ’ ಎನ್ನಬಹುದೇ? ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲೇರಿಸಿದವರು ಡಾ. ಆನಂದ ಮೋಹನ ಚಕ್ರವರ್ತಿ.

1938ರಲ್ಲಿ ಬಂಗಾಳದ ಸೈಂಥಿಯಾದಲ್ಲಿ ಹುಟ್ಟಿದ ಅವರು ರಾಮಕೃಷ್ಣ ಮಿಷನ್ನಿನ ವಿದ್ಯಾಮಂದಿರದಲ್ಲಿಯೂ ಯೇಸುಸಭೆಯ ಗುರುಗಳು ನಡೆಸುವ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿಯೂ ಕಲಿತರು. ಡಾಕ್ಟರೇಟ್ ಪಡೆದು ಅಮೆರಿಕೆಗೆ ತೆರಳಿ, 1971ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯವನ್ನು ಸೇರಿದರು.

ಕಚ್ಚಾತೈಲದ ಒಂದೊಂದು ಅಂಶವನ್ನು ಒಂದೊಂದು ಬಗೆಯ ಬ್ಯಾಕ್ಟೀರಿಯ ತಿನ್ನಬಲ್ಲದು. ಆ ಶಕ್ತಿಯನ್ನು ಹೊತ್ತ ಪ್ಲಾಸ್ಮಿಡ್‌ಗಳೆಂಬ ವಂಶವಾಹಿ ಉಂಗುರಗಳನ್ನು ಅವರು ಒಂದೇ ಬ್ಯಾಕ್ಟೀರಿಯದೊಳಗೆ ಕೂಡಿಸಿದರು. 1972ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ತಯಾರಿಕೆಯ ವಿಧಾನಕ್ಕೆ ಕಚೇರಿಯು ಒಪ್ಪಿತು. ಜೀವಿಗೆ ಮಾತ್ರ ಒಲ್ಲೆನೆಂದಿತು. 1980ರ ಜೂನ್ 16ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರಿಗೆ ನಾಲ್ವರ ಬಹುಮತದಿಂದ ಚಕ್ರವರ್ತಿಯವರ ಪರ ತೀರ್ಪಿತ್ತಿತು: ವಸ್ತುವು ಸಜೀವವೋ ನಿರ್ಜೀವವೋ ಎಂಬುದಲ್ಲ, ನಿಸರ್ಗದ್ದೋ ಮನುಷ್ಯನು ಮಾಡಿದ್ದೋ ಎಂಬುದೇ ಮುಖ್ಯ.

ಗುರುಮಠದಲ್ಲಿ ಅರಿಸ್ಟಾಟಲನನ್ನು ಬಾಯಿಪಾಠ ಮಾಡಿದ ನಮಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ಚಲನೆಯ ಮೂಲವನ್ನು ತನ್ನೊಳಗೇ ಉಳ್ಳದ್ದು ನಿಸರ್ಗದ್ದು, ಹೊರಗಿನಿಂದ ಪಡೆದದ್ದು ಕೃತಕ ಎಂದನಾತ. ಕುರ್ಚಿಯಿಂದ ಕುರ್ಚಿ ಹುಟ್ಟದು. ಚಕ್ರವರ್ತಿಯವರ ಬ್ಯಾಕ್ಟೀರಿಯವಾದರೋ ಯಾರ ಅಪ್ಪಣೆಗೂ ಕಾಯದೆ ಒಂದಿದ್ದದ್ದು ಎರಡಾಗುತ್ತದೆ. ಹಾಗಾದರೆ ಅದು ಯಾವ ಸಾಲಿಗೆ ಸೇರಬೇಕು? ಸ್ವತಃ ಚಕ್ರವರ್ತಿಯವರೇ ತಾವು ಜೀವವನ್ನು ಸೃಷ್ಟಿಸಲಿಲ್ಲ, ಇದ್ದ ವಂಶವಾಹಿಗಳನ್ನು ಅದಲುಬದಲು ಮಾಡಿದೆವಷ್ಟೇ ಎಂದು ಹೇಳುತ್ತಿದ್ದರು. ಈ ವಿನಯವು ನ್ಯಾಯಾಧೀಶರ ವಾದಕ್ಕಿಂತ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಮಾನವನ ವಂಶವಾಹಿಯನ್ನು ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಸ್ವತ್ತೂ ಆಗದೆಂದು ಅದೇ ನ್ಯಾಯಾಲಯವು 2013ರಲ್ಲಿ ಒಮ್ಮತದಿಂದ ಹೇಳಿತು. ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿನ ಭಯವಿದ್ದ ಹೆಣ್ಣುಮಕ್ಕಳು ತಮ್ಮ ಪರೀಕ್ಷೆಗಾಗಿ ಅಲ್ಲಿಯವರೆಗೆ ಒಂದೇ ಕಂಪನಿಯನ್ನು ನಂಬಬೇಕಿತ್ತು. ಪೇಟೆಂಟೆಂಬುದು ಬರಿಯ ಕಾಗದವಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಷ್ಟೆಲ್ಲ ಗದ್ದಲವೆಬ್ಬಿಸಿದ ತೈಲಭಕ್ಷಕ ಜೀವಿಯನ್ನು ಸಮುದ್ರಕ್ಕೆ ಬಿಡಲೇ ಇಲ್ಲ. ಚಕ್ರವರ್ತಿಯವರು ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, ಬ್ಯಾಕ್ಟೀರಿಯದ ಅಝುರಿನ್ ಎಂಬ ಪ್ರೋಟೀನಿನಿಂದ ಕ್ಯಾನ್ಸರಿಗೆ ಮದ್ದು ಹುಡುಕಿದರು. ಅದಕ್ಕೂ ಪೇಟೆಂಟ್ ಪಡೆದರು. 2007ರಲ್ಲಿ ಪದ್ಮಶ್ರೀ ಬಂತು. 2020ರಲ್ಲಿ ತೀರಿಕೊಂಡ ಅವರು ತಮ್ಮ ಉತ್ತರವಯಸ್ಸಿನಲ್ಲಿ ಕೈಗೊಂಡ ಇನ್ನೊಂದು ಕೆಲಸವೆಂದರೆ, ನ್ಯಾಯಾಧೀಶರಿಗೆ ವಂಶವಾಹಿ ವಿಜ್ಞಾನದ ಪಾಠ ಹೇಳುವುದು.