ಹೊರಟ ರಕ್ತವು ಎಲ್ಲಿಗೆ ಹೋಗುತ್ತದೆ?

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಹೃದಯದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಹೃದಯದಿಂದ ಹೊರಟ ರಕ್ತವೇ ತಿರುಗಿ ಬರುತ್ತದೆಂದು ಹೇಗೆ ಗೊತ್ತು? ದಿನಾ ಊಟದಿಂದ ಹೊಸ ರಕ್ತ ಆಗುತ್ತಿರಬಹುದಲ್ಲ?" ಎಂದು ಕೇಳಿದಳು. ಗಂಟೆ ಬಾರಿಸುವ ಹೊತ್ತಾಗಿದ್ದಿತು. "ಪುಸ್ತಕದಲ್ಲಿ ಹಾಗೆಯೇ ಇದೆಯಮ್ಮ, ಕುಳಿತುಕೋ" ಎಂದುಬಿಟ್ಟೆನು. ಯುರೋಪಿನ ವೈದ್ಯಗುರುಗಳು ಶತಮಾನಗಳ ಕಾಲ ತಮ್ಮ ಶಿಷ್ಯರಿಗೆ ಕೊಟ್ಟ ಉತ್ತರವೂ ಇದೇ ಎಂಬುದು ನೆನಪಾದಾಗ ನನಗೆ ನಾಚಿಕೆಯಾಯಿತು. ಅವರ ಪುಸ್ತಕದಲ್ಲಿದ್ದ ಸಂಗತಿ ಮಾತ್ರ ಬೇರೆಯದು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಬರೆಯುತ್ತೇನೆ.

ಆ ಪುಸ್ತಕವು ಕ್ರಿ.ಶ. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಗ್ರೀಕ್ ವೈದ್ಯ ಗೇಲನನದು. ಉಂಡ ಅನ್ನವು ಯಕೃತ್ತಿನಲ್ಲಿ ರಕ್ತವಾಗುತ್ತದೆ. ಅದು ನಾಳಗಳಲ್ಲಿ ಹರಿದು ಅಂಗಾಂಗಗಳನ್ನು ಸೇರಿ, ಗದ್ದೆಗೆ ಬಿಟ್ಟ ಕಾಲುವೆಯ ನೀರಿನಂತೆ ಅಲ್ಲಿಯೇ ಇಂಗಿಹೋಗುತ್ತದೆ ಎಂದು ಅವನ ಮತ. ನಮ್ಮ ವಿದ್ಯಾರ್ಥಿನಿಯ ಊಹೆಯೂ ಇದೇ ಅಲ್ಲವೆ? ಹೃದಯದ ಬಲಭಾಗದಿಂದ ಎಡಭಾಗಕ್ಕೆ ಸ್ವಲ್ಪ ರಕ್ತವು ನಡುಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಜಿನುಗುವುದೆಂದೂ ಅವನು ಹೇಳಿದ್ದನು. ಅಂತಹ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶವನ್ನು ಸುತ್ತಿ ಎಡಭಾಗವನ್ನು ಸೇರುತ್ತದೆ ಎಂದು ೧೩ನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸನೂ ೧೬ನೆಯ ಶತಮಾನದಲ್ಲಿ ಇಟಲಿಯ ಕೊಲಂಬೊನೂ ಬರೆದರು. ಆದರೂ ಇಡೀ ದೇಹದ ರಕ್ತದ ಕಥೆ ಗೇಲನನದೇ ಆಗಿ ಉಳಿಯಿತು.

ಇಂಗ್ಲೆಂಡಿನ ವಿಲಿಯಂ ಹಾರ್ವೆ (೧೫೭೮-೧೬೫೭) ವೈದ್ಯವಿದ್ಯೆ ಕಲಿಯಲು ಇಟಲಿಯ ಪಾದುವಾ ನಗರಕ್ಕೆ ಹೋಗಿ, ೧೬೦೨ರಲ್ಲಿ ಅಲ್ಲಿ ಪದವಿ ಪಡೆದನು. ಅಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಷಿಯಸನು ಅಭಿಧಮನಿಗಳ, ಎಂದರೆ ಹೃದಯದ ಕಡೆಗೆ ಸಾಗುವ ನಾಳಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿರುವುದನ್ನು ಕಂಡು, ಚಿತ್ರಸಹಿತವಾಗಿ ೧೬೦೩ರಲ್ಲಿ ಪ್ರಕಟಿಸಿದನು. ರಕ್ತವು ಹೃದಯದ ಕಡೆಗೆ ಸಾಗುತ್ತದೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಕೈಕಾಲುಗಳ ತುದಿಯಲ್ಲಿ ರಕ್ತವು ಒಮ್ಮೆಲೇ ತುಂಬಿಕೊಳ್ಳದಂತೆ ಈ ಕವಾಟಗಳು ಹರಿವನ್ನು ನಿಧಾನಗೊಳಿಸುತ್ತವೆಂದು ಅವನು ಅರ್ಥಮಾಡಿದನು. ಕವಾಟವು ಕಣ್ಣೆದುರಿಗಿದ್ದರೂ ಅದರ ಕೆಲಸವು ಕಾಣಲಿಲ್ಲ! ಅದೇಕೆಂದರೆ, ನಾಳವನ್ನು ನೋಡುವಾಗ ಹೃದಯವು ಅವನ ಲೆಕ್ಕದಲ್ಲಿರಲಿಲ್ಲ. ಕವಾಟಗಳೆಲ್ಲವೂ ಒಂದೇ ದಿಕ್ಕಿಗೆ ತೆರೆಯುವಂತೆ ಏಕಿವೆಯೆಂಬ ಯೋಚನೆಯೇ ತನ್ನನ್ನು ಈ ದಾರಿಗೆ ಹಚ್ಚಿತೆಂದು ಹಾರ್ವೆಯು ವೃದ್ಧಾಪ್ಯದಲ್ಲಿ ರಾಬರ್ಟ್ ಬಾಯ್ಲನಿಗೆ ಹೇಳಿದನು.

ಹಾರ್ವೆಯ ನಿಜವಾದ ಆಯುಧವು ಸಾಮಾನ್ಯ ಗುಣಾಕಾರ. ಹೃದಯವು ಒಂದು ಬಡಿತಕ್ಕೆ ಅರ್ಧ ಔನ್ಸ್ ರಕ್ತವನ್ನು ಹೊರದೂಡುವುದೆಂದೇ ಹಿಡಿಯೋಣ. ಅರ್ಧ ಗಂಟೆಯಲ್ಲಿ ಅದು ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಸಾವಿರವೆಂದೇ ಹಿಡಿದರೂ ೫೦೦ ಔನ್ಸ್, ಅಂದರೆ ಸುಮಾರು ೧೪-೧೫ ಕಿಲೋ ಆಯಿತು. ಇಡೀ ದೇಹದಲ್ಲಿಯೇ ಅಷ್ಟು ರಕ್ತವಿಲ್ಲ. ಅರ್ಧ ಗಂಟೆಗೊಮ್ಮೆ ಅಷ್ಟು ರಕ್ತವಾಗುವಷ್ಟು ಅನ್ನವನ್ನು ಯಾರೂ ಉಣ್ಣಲಾರರು. (ಹಾರ್ವೆಯು ಹಿಡಿದುದು ಬಹಳ ಕಡಿಮೆ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ಹೊರದೂಡುತ್ತದೆ. ದೇಹದಲ್ಲಿರುವ ರಕ್ತವೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ.)

ಊರಿನಿಂದ ಮುಂಬಯಿಗೆ ಬಂದ ಹೊಸದರಲ್ಲಿ ನಾನು ಕೆಲವು ತಿಂಗಳು ಹೋಟೆಲೊಂದರ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತಿದ್ದೆನು. ಅಲ್ಲಿದ್ದ ಚಹಾದ ಗ್ಲಾಸುಗಳು ಹೆಚ್ಚೆಂದರೆ ನೂರೈವತ್ತು. ಮಧ್ಯಾಹ್ನದೊಳಗೆ ಖರ್ಚಾಗುತ್ತಿದ್ದ ಚಹಾ ಸಾವಿರ ಗ್ಲಾಸು. ಹಿಂಬದಿಯ ತೊಳೆಯುವ ಜಾಗವನ್ನು ಎಂದೂ ನೋಡದವನು ಸಹ, ಹೋದ ಗ್ಲಾಸು ತಿರುಗಿ ಬರುತ್ತಿದೆಯೆಂದು ಈ ಎರಡು ಅಂಕೆಗಳಿಂದಲೇ ಹೇಳಬಲ್ಲನು. ಹಾರ್ವೆಯ ತರ್ಕವೂ ಇಷ್ಟೇ.

ಲೆಕ್ಕದಿಂದ ತೃಪ್ತನಾಗದೆ ಅವನು ತೋಳಿನ ಮೇಲೆಯೇ ಇದನ್ನು ತೋರಿಸಿದನು. ತೋಳಿಗೆ ಬಟ್ಟೆ ಕಟ್ಟಿದಾಗ ಕೆಳಗಿನ ನಾಳಗಳು ಉಬ್ಬುತ್ತವೆ. ನಡುನಡುವೆ ಗಂಟುಗಳಂತೆ ಕಾಣುವುವೇ ಕವಾಟಗಳು. ಉಬ್ಬಿದ ನಾಳವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಗಂಟಿನ ಆಚೆಗೆ ನೂಕಿರಿ. ನಡುವಿನ ಭಾಗವು ಬರಿದಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತವು ಇಳಿಯುವುದಿಲ್ಲ. ಕೆಳಗಿನ ಬೆರಳನ್ನು ತೆಗೆದೊಡನೆ ತುಂಬುತ್ತದೆ. ಹಿರಿಯರು ಹತ್ತಿರವಿದ್ದಾಗ ಮಾತ್ರ ಇದನ್ನು ಮಾಡಿರಿ. ಕಟ್ಟನ್ನು ಹೆಚ್ಚು ಹೊತ್ತು ಬಿಡಬೇಡಿರಿ.

ಆಧುನಿಕ ವಿಜ್ಞಾನವು ಎಲ್ಲವನ್ನೂ ತುಂಡುಮಾಡಿ ನೋಡುತ್ತದೆ, ಸಮಗ್ರವನ್ನು ಮರೆಯುತ್ತದೆ ಎಂಬ ಆಕ್ಷೇಪಣೆಯನ್ನು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ನನಗದು ಅರ್ಧಸತ್ಯವೆಂದು ತೋರುತ್ತದೆ. ಹಾರ್ವೆಯು ಎಷ್ಟೋ ಬಗೆಯ ಪ್ರಾಣಿಗಳನ್ನು ಕೊಯ್ದು ನೋಡಿದನು, ಅಳೆದನು, ಎಣಿಸಿದನು. ಹಾಗೆ ಎಣಿಸಿದುದರಿಂದಲೇ ಹೃದಯ, ನಾಳ, ಕವಾಟಗಳು ಕೂಡಿದ ಒಂದು ಸುತ್ತು ಕಾಣಿಸಿತು. ಆ ಸುತ್ತನ್ನು ಅವನು ಆವಿಯಾಗಿ ಏರಿ ಮಳೆಯಾಗಿ ಇಳಿಯುವ ನೀರಿಗೆ ಹೋಲಿಸಿದನು. ಈ ಹೋಲಿಕೆಗೆ ಅವನು ನೆನೆದುದು ಪ್ರಾಚೀನ ಅರಿಸ್ಟಾಟಲನನ್ನು. ಹೊಸ ವಿಜ್ಞಾನವು ಹಳೆಯದನ್ನೆಲ್ಲ ಕಿತ್ತೊಗೆದು ಹುಟ್ಟಿತೆಂಬ ಮಾತೂ ಹಾಗಾದರೆ ಪೂರ್ತಿ ನಿಜವಲ್ಲ. ಬಿಡಿಭಾಗಗಳನ್ನು ಅವುಗಳ ಪರಸ್ಪರ ಸಂಬಂಧದಲ್ಲಿಟ್ಟು ನೋಡುವ ಈ ಕ್ರಮಕ್ಕೆ ಈಗ 'ವ್ಯವಸ್ಥಾ ಚಿಂತನೆ' ಎಂಬ ಹೆಸರಿದೆ. ದೇಹವು ತನ್ನ ಉಷ್ಣತೆ, ಲವಣ, ಸಕ್ಕರೆಗಳನ್ನು ಹೇಗೆ ಸಮತೋಲದಲ್ಲಿಡುತ್ತದೆಂದು ೧೯೩೨ರಲ್ಲಿ ಗ್ರಂಥ ಬರೆದ ವಾಲ್ಟರ್ ಕ್ಯಾನನನೂ, ೧೯೬೮ರಲ್ಲಿ 'ಸಾಮಾನ್ಯ ವ್ಯವಸ್ಥಾ ಸಿದ್ಧಾಂತ'ವೆಂಬ ಗ್ರಂಥವನ್ನು ಹೊರತಂದ ಬೆರ್ಟಲನ್ಫಿಯೂ ಜೀವಶಾಸ್ತ್ರದ ಅಂಗಳದಿಂದಲೇ ಬಂದವರು.

ಹಾರ್ವೆಯ ಪುಸ್ತಕವು ೧೬೨೮ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾಯಿತು. ನೂರು ಪುಟವೂ ಇಲ್ಲ. ಅದು ಹೊರಬಂದ ಮೇಲೆ ತನ್ನಲ್ಲಿಗೆ ಬರುವ ರೋಗಿಗಳು ಬಹಳ ಕಡಿಮೆಯಾದರೆಂದು ಅವನು ಹೇಳಿಕೊಂಡುದನ್ನು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಅವನ ಸಿದ್ಧಾಂತದಲ್ಲಿ ಒಂದು ಕೊರತೆಯೂ ಇದ್ದಿತು. ಹೃದಯದಿಂದ ಹೊರಟ ಅಪಧಮನಿಗಳಿಂದ ಅಭಿಧಮನಿಗಳಿಗೆ ರಕ್ತವು ದಾಟುವ ದಾರಿಯನ್ನು ಅವನು ಕಂಡಿರಲಿಲ್ಲ. ದಾರಿ ಇರಲೇಬೇಕೆಂದು ಲೆಕ್ಕವು ಹೇಳುತ್ತಿದ್ದಿತು, ಅಷ್ಟೆ. ಹೋಟೆಲಿನ ತೊಳೆಯುವ ಜಾಗವನ್ನು ನೋಡದೆಯೇ ನಂಬಿದ ಹಾಗೆ. ೧೬೬೧ರಲ್ಲಿ ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಕೂದಲಿಗಿಂತಲೂ ಸಣ್ಣದಾದ ಲೋಮನಾಳಗಳನ್ನು ಕಂಡನು. ಹಾರ್ವೆಯು ತೀರಿಕೊಂಡು ಆಗ ನಾಲ್ಕು ವರ್ಷಗಳಾಗಿದ್ದುವು.